ಡಾಕ್ಟರಿಗೂ ಹೇಳದ ಗುಟ್ಟು

“ಎಷ್ಟು ತಿಂಗಳಮ್ಮಾ?”

ತ್ಯಾಮಗೊಂಡ್ಲುವಿನ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನ ಅಕ್ಕನ ಮಗಳು ರಮ್ಯಳನ್ನು ಕೇಳಿಯೇಬಿಟ್ಟರು. ನಮ್ಮ ಕಡೆ ಪ್ರಶ್ನೆ ಮೊದಲು, ಪರಿಚಯ ಆಮೇಲೆ. ಇದು ಏಳೆಂಟು ತಿಂಗಳ ಹಿಂದಿನ ಮಾತು.

“ಇನ್ನೂ ಏನೂ ಇಲ್ಲ ಆಂಟಿ.”

“ಮತ್ಯಾಕೆ ಬಂದಿದ್ದೀಯಾ?”

“ಆಗೋಕ್ ಮುಂಚೆನೇ ಒಂದ್ಸಲ ತೋರಿಸ್ಕೊಳ್ಳೋಣ ಅಂತ.”

ಆಕೆ ನನ್ನ ಮುಖ ನೋಡಿದರು. ಹುಡುಗಿಗೆ ತಲೆ ಸರಿಯಿದೆ ತಾನೇ ಅನ್ನುವ ನೋಟ. ನಾನು ಫ್ಯಾನ್ ನೋಡುತ್ತಾ ಕೂತೆ. (ಹಿಂದಿನ ದಿನ ರಮ್ಯ ಫೋನ್ ಮಾಡಿ “ಚಿಕ್ಕಮ್ಮಾ, ಜೊತೆಗೆ ಬರ್ತೀಯಾ?” ಅಂದಾಗ ನಾನೂ ಇದನ್ನೇ ಕೇಳಿದ್ದೆ ಅನ್ನಿ.)

ಅದಕ್ಕೂ ಒಂದು ವರ್ಷ ಹಿಂದೆ ಅವಳಿಗೆ ಬಸಿರು ನಿಂತು, ಎರಡನೇ ತಿಂಗಳಲ್ಲೇ ಹೋಗಿತ್ತು. ನಮಗೆ ಗೊತ್ತಾದದ್ದೇ ಹೋದ ಮೇಲೆ. ನಮ್ಮಲ್ಲಿ ಒಂದು ಪದ್ಧತಿ ಇದೆಯಲ್ಲ, ಮೂರು ತಿಂಗಳು ತುಂಬುವವರೆಗೂ ಯಾರ ಹತ್ತಿರವೂ ಬಾಯಿಬಿಡಬಾರದು, ದೃಷ್ಟಿಯಾಗುತ್ತೆ ಅಂತ. ಅತ್ತೆ ಹೇಳಿದರು, ಸೊಸೆ ಚಾಚೂ ತಪ್ಪದೆ ಪಾಲಿಸಿದಳು. ತವರಿಗೆ ಹೇಳಲಿಲ್ಲ, ಪಕ್ಕದ ಮನೆಗೆ ಹೇಳಲಿಲ್ಲ. ಸರಿ. ಎರಡು ಬೀದಿ ಆಚೆ ಇರುವ ಡಾಕ್ಟರಿಗೂ ಹೇಳಲಿಲ್ಲ!

ನಗಬೇಡಿ. ನಿಮ್ಮ ಮನೆಯಲ್ಲೂ ಎಷ್ಟು ಜನ ಹೀಗೆ ಮಾಡಿದ್ದಾರೆ, ಕೇಳಿ ನೋಡಿ.

ಈ ಡಾಕ್ಟರಮ್ಮ ದೊಡ್ಡ ಸ್ಪೆಷಲಿಸ್ಟ್ ಅಲ್ಲ. ಊರಿನವರ ನೆಗಡಿ, ಜ್ವರ, ಬಿಪಿ, ಶುಗರ್ ನೋಡುವವರು. ಆದರೆ ಅವರಿಗಿರುವ ತಾಳ್ಮೆಯನ್ನು ನಾನು ಯಾವ ಏಸಿ ಆಸ್ಪತ್ರೆಯಲ್ಲೂ ಕಂಡಿಲ್ಲ. ತೂಕ ನೋಡಿದರು, ಬಿಪಿ ನೋಡಿದರು, ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅಂತ ವಿಚಾರಿಸಿದರು. ಹಳೆಯ ವಿಷಯ ಬಂದದ್ದೇ ತಡ, ರಮ್ಯ ಒಂದೇ ಉಸಿರಿಗೆ ಹೇಳಿಬಿಟ್ಟಳು.

“ನಂದೇ ತಪ್ಪು ಮೇಡಂ. ಆವಾಗ ಪರಂಗಿ ಹಣ್ಣು ತಿಂದ್ಬಿಟ್ಟಿದ್ದೆ.”

ಒಂದು ವರ್ಷದಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗುತ್ತಿದ್ದಳೇ? ನನಗೂ ಅಳು ಬಂದುಬಿಟ್ಟಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಎರಡು ಹೋಳು ಹಣ್ಣಿಗೆ ಅಷ್ಟೊಂದು ಶಕ್ತಿ ಇಲ್ಲ ಕಣಮ್ಮ. ನಿನ್ನ ತಪ್ಪಲ್ಲ. ಎಷ್ಟೋ ಸಲ ಯಾಕೆ ಹೋಯ್ತು ಅಂತ ನಮಗೂ ಗೊತ್ತಾಗಲ್ಲ. ಮುಂದಿನ ಸಲ ನಂಗೆ ಮೊದಲು ಹೇಳು, ಅಷ್ಟೇ. ಡಾಕ್ಟರ್ ಕಣ್ಣು ಬಿದ್ರೆ ದೃಷ್ಟಿಯಾಗಲ್ಲ.”

ಆಮೇಲೆ, “ಗಂಡ ಎಲ್ಲಿ?”

ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಂಜು ಹೊರಗೆ ಬೈಕಿಗೆ ಒರಗಿ ನಿಂತಿದ್ದ. ಹೆಂಗಸರ ವಿಷಯಕ್ಕೆ ಗಂಡಸರು ಒಳಗೆ ಬರುವುದುಂಟೇ? ಡಾಕ್ಟರಮ್ಮ ಬಿಡಲಿಲ್ಲ, ಕರೆಸಿದರು.

“ಸಿಗರೇಟ್ ಇದೆಯೇನಪ್ಪಾ?”

“ಶಿಫ್ಟಲ್ಲಿ ಒಂದೋ ಎರಡೋ ಮೇಡಂ.”

“ಬಿಟ್ಬಿಡು. ಮಗು ಇಬ್ಬರದು ತಾನೇ? ತಯಾರಿನೂ ಇಬ್ಬರದೇ.”

ರಕ್ತ ಪರೀಕ್ಷೆಯಲ್ಲಿ ರಮ್ಯಳಿಗೆ ಥೈರಾಯ್ಡ್ ಇರುವುದು ಗೊತ್ತಾಯಿತು. ಅದು ಹತೋಟಿಗೆ ಬರುವವರೆಗೂ ಸ್ವಲ್ಪ ತಡೆಯಿರಿ ಅಂದರು. ದಿನಾ ಅದಕ್ಕೊಂದು ಮಾತ್ರೆ. ಜೊತೆಗೆ ಫೋಲಿಕ್ ಆಸಿಡ್. ಅದನ್ನು ಶುರು ಮಾಡಬೇಕಾದದ್ದು ಬಸಿರು ನಿಂತ ಮೇಲಲ್ಲ, ಅದಕ್ಕೂ ಮುಂಚೆಯಂತೆ!

ಮನೆಯಲ್ಲಿ ಅತ್ತೆ ಗೊಣಗಿದರು. “ಬಸುರಿಯಾಗೋಕ್ ಮುಂಚೆನೇ ಮಾತ್ರೆನಾ?”

ಮಂಜು ಹೇಳಿದನಂತೆ, “ಹಸು ಗಬ್ಬ ನಿಲ್ಲಲಿ ಅಂತ ಮುಂಚೆನೇ ಮಿನರಲ್ ಪೌಡರ್ ಹಾಕ್ತೀಯಲ್ಲಮ್ಮ. ಸೊಸೆಗೆ ಬೇಡ್ವಾ?”

ಮಾರನೆಯ ಬೆಳಗ್ಗೆ ಮಾತ್ರೆ, ನೀರು ಎರಡನ್ನೂ ಅತ್ತೆಯೇ ತಂದುಕೊಟ್ಟರಂತೆ. ಆ ಹಿರಿಯ ಜೀವವನ್ನು ಮೆಚ್ಚಬೇಡವೇ? ಆದರೆ ನಾನು ಎಲ್ಲರಿಗಿಂತ ಹೆಚ್ಚು ಮೆಚ್ಚಿದ್ದು ರಮ್ಯಳನ್ನು. ಹೊಟ್ಟೆಯಲ್ಲಿ ಏನೂ ಇಲ್ಲದೆ, ಹತ್ತು ಜನರ ಮುಂದೆ ಆ ಬೆಂಚಿನಲ್ಲಿ ಕೂತು ನಿಜ ಹೇಳುವುದಕ್ಕೆ ಧೈರ್ಯ ಬೇಕು.

ರಿಪೋರ್ಟ್ ಸರಿಹೋಯಿತು. ಡಾಕ್ಟರಮ್ಮ ಸೈ ಅಂದರು.

ಮೊನ್ನೆ ಭಾನುವಾರ ಗಂಡ ಹೆಂಡತಿ ಸ್ವೀಟ್ ಬಾಕ್ಸ್ ಹಿಡಿದು ಅರಿಶಿನಕುಂಟೆಯ ನಮ್ಮ ಮನೆಗೆ ಬಂದರು. “ಚಿಕ್ಕಮ್ಮಾ, ಮೂರು ತಿಂಗಳು ತುಂಬ್ತು. ಎಲ್ಲಾ ಚೆನ್ನಾಗಿದೆ.” ತಬ್ಬಿಕೊಂಡು ಕೇಳಿದೆ, “ಡಾಕ್ಟರಿಗೆ ಯಾವಾಗ ಹೇಳಿದ್ಯೇ?”

“ಗೊತ್ತಾದ ದಿನಾನೇ.”

ಭೇಷ್! ಸಂತೋಷಕ್ಕೆ ಎರಡು ಪೇಡ ಬಾಯಿಗೆ ಹಾಕಿಕೊಂಡೆ. ಮೂರನೆಯದಕ್ಕೆ ಕೈ ಹಾಕುವಾಗ ಹೊಳೆಯಿತು.

ಅಲ್ಲಾ, ಬೆಂಚಿನಲ್ಲಿ ಜೊತೆಗೆ ಕೂತವಳು ನಾನು, ನನಗೂ ಮೂರು ತಿಂಗಳು ಗುಟ್ಟು! ನನ್ನ ಕಣ್ಣು ಅಷ್ಟು ಕೆಟ್ಟದ್ದೇ?