ಅಡುಗೆ ಕಟ್ಟೆಯ ಎತ್ತರ

ಹೊಸ ಮನೆ ನೋಡಲು ಬಂದವರು ಚಹಾ ಬರುವ ಮೊದಲೇ ಗೋಡೆಯನ್ನು ಬೆರಳ ಗಂಟಿನಿಂದ ಬಡಿದು ನೋಡುತ್ತಾರೆ. ಏನು ಕೇಳಿಸಲೆಂದು ಬಡಿಯುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ, ಬಡಿದವರಿಗೂ ತಿಳಿದಿರಲಾರದು. ಆದರೂ ಬಡಿದು, ಕಿವಿಯನ್ನು ತುಸು ಓರೆ ಮಾಡಿ, ರೋಗಿಯ ಬೆನ್ನಿಗೆ ಕೊಳವೆ ಇಟ್ಟ ವೈದ್ಯರ ಗಾಂಭೀರ್ಯದಿಂದ "ಛಲೋ ಆಗ್ಯಾದ್ರಿ" ಎನ್ನುತ್ತಾರೆ. ಅನಂತರ ನಲ್ಲಿ ತಿರುಗಿಸುವುದು, ಬಾಗಿಲನ್ನು ಎರಡು ಸಲ ತೆಗೆದು ಹಾಕುವುದು, ಮೆಟ್ಟಿಲ ಮೇಲೆ ನಿಂತು ಕಾಲು ಕುಟ್ಟುವುದು ಇತ್ಯಾದಿ ವಿಧಿಗಳು ಯಥಾಕ್ರಮವಾಗಿ ನಡೆಯುತ್ತವೆ. ಬೇರೆಯವರಿಗೆ ಇದು ಕಿರಿಕಿರಿ ಎನಿಸಬಹುದು. ನನಗೋ ಪರಮಾನಂದ. ಅತಿಥಿ ಗೋಡೆ ಬಡಿದನೆಂದರೆ ಇಟ್ಟಿಗೆಯ ಬಗ್ಗೆ ನಾನು ಉಪನ್ಯಾಸ ಮಾಡಬಹುದೆಂದು ಅರ್ಥ.

ನಿಮಗೂ ಹೇಳಿಬಿಡುತ್ತೇನೆ, ಮುಂದೆ ಉಪಯೋಗಕ್ಕೆ ಬಂದೀತು. ಇಟ್ಟಿಗೆ ಕೊಳ್ಳುವಾಗ ಮಾರುವವನ ಮಾತು ಕೇಳಬೇಡಿ, ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿ ಅವುಗಳ ಮಾತು ಕೇಳಿ. ಕಂಚಿನಂತೆ ಠಣ್ಣೆಂದರೆ ಕೊಳ್ಳಿ. ಮಡಕೆಯಂತೆ ಬೊದ್ದೆಂದರೆ ನಮಸ್ಕಾರ ಹೇಳಿ ಹೊರಡಿ. ಹೊರಡುವಾಗ ನಿಧಾನವಾಗಿ ಹೊರಡಿ, ಹಿಂದಿನಿಂದ ಕರೆಯಲು ಅವನಿಗೂ ಸಮಯ ಬೇಕಲ್ಲ! ಈ ವಿದ್ಯೆಗಳನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬುಟ್ಟಿಯಲ್ಲಿ ತಂದು ಕಲಬುರಗಿಯ ಬಸ್ ನಿಲ್ದಾಣದ ಎದುರು ಮಾರುತ್ತಿದ್ದ ಹುಡುಗಾಟದ ವಯಸ್ಸಿನಲ್ಲಿಯೇ ನನ್ನ ವಿದ್ಯಾಭ್ಯಾಸವೆಲ್ಲ ಮುಗಿದಿತ್ತು. ಯಾರ ತೋಟದಿಂದ ಹಣ್ಣು ತರುತ್ತಿದ್ದೆನೋ ಆ ಯಜಮಾನರು ದರದಲ್ಲಿ ಒಂದು ಪೈಸೆ ಬಿಟ್ಟವರಲ್ಲ. ನಾನೂ ಕೇಳುವುದನ್ನು ಬಿಟ್ಟವನಲ್ಲ. ಆ ಮನೆಯ ಕಟ್ಟೆಯ ಮೇಲೆ ಚೌಕಾಸಿಗೆ ಕೂತು ಕೂತು ಕೊನೆಗೆ ಅವರ ಅಳಿಯನೇ ಆದೆ. ದರ ಮಾತ್ರ ಆಗಲೂ ಇಳಿಯಲಿಲ್ಲ.

ಬುಟ್ಟಿ ಹೋಗಿ ಗಾಡಿ ಬಂತು, ಗಾಡಿ ಹೋಗಿ ಪಾತ್ರೆ ಅಂಗಡಿ ಬಂತು. ಈಗ ಮದುವೆಯ ಭಾಂಡೆ ಕೊಳ್ಳಲು ಬರುವ ಬೀಗರಿಗೆ ಯಾವ ರೊಟ್ಟಿ ಹಂಚು ಬೇಗ ಕಾಯುತ್ತದೆ, ಯಾವ ತಳದ ಪಾತ್ರೆಯಲ್ಲಿ ಹಾಲು ಹತ್ತುವುದಿಲ್ಲ ಎಂಬುದನ್ನೆಲ್ಲ ಅಧಿಕಾರವಾಣಿಯಿಂದ ಹೇಳುತ್ತೇನೆ. ಅಡುಗೆಮನೆಯ ವಿಷಯದಲ್ಲಿ ನನ್ನಷ್ಟು ತಿಳಿದ ಗಂಡಸು ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ನಂಬಿಕೆಯನ್ನು ಯಾರೂ ಪರೀಕ್ಷಿಸಿರಲಿಲ್ಲ ಅಷ್ಟೇ.

ಸೇಡಂ ರಸ್ತೆಯ ಒಳಬದಿಯ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿದೆವು. ಕಟ್ಟಿದವರು ತಾಜಸುಲ್ತಾನಪುರದ ಮಹಬೂಬ್ ಗೌಂಡಿ. ಗಡ್ಡ ನರೆತರೂ ಕರಣೆ ಹಿಡಿದ ಕೈ ನಡುಗದ ಮನುಷ್ಯ. ಕಟ್ಟಿಸಿದವನು ನಾನು, ಅಂದರೆ ಎರಡು ವರ್ಷ ಬಿಸಿಲಿನಲ್ಲಿ ಛತ್ರಿ ಹಿಡಿದು ನಿಂತು ಅವರಿಗೆ ಗೌಂಡಿ ಕೆಲಸ ಕಲಿಸಿದವನು. "ಸಿಮೆಂಟ್ ಕೈಬಿಚ್ಚಿ ಹಾಕ್ರಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವರು ಹತ್ತು ಸಲವೂ "ಹಾಕೀನಿ ಸಾವ್ಕಾರ್ರ" ಎಂದು ತಮಗೆ ತಿಳಿದಷ್ಟೇ ಹಾಕುತ್ತಿದ್ದರು. ಕಿಟಕಿ, ಬಾಗಿಲು, ನಲ್ಲಿ, ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲು, ಯಾವುದನ್ನೂ ಮಾರುವವರು ಹೇಳಿದ ಬೆಲೆಗೆ ನಾನು ಕೊಂಡವನಲ್ಲ. ಈ ವಿಜಯಪರಂಪರೆಯ ಶಿಖರಕ್ಕೆ ಕಲಶವಿಟ್ಟಂತೆ ದೊರಕಿದ್ದು ಅಡುಗೆಮನೆಯ ಕಪಾಟುಗಳು.

ಪೀಠೋಪಕರಣದ ಅಂಗಡಿಯೊಂದು ಬಾಗಿಲು ಮುಚ್ಚುವುದರಲ್ಲಿತ್ತು. ಅಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಜೋಡಿಸಿಟ್ಟಿದ್ದ ಅಡುಗೆಮನೆಯ ಕಪಾಟುಗಳ ಇಡೀ ಸಾಲನ್ನು ಅರ್ಧ ಬೆಲೆಗೆ ಎತ್ತಿಕೊಂಡು ಬಂದೆ. ಕನ್ನಡಿಯಂಥ ಹೊಳಪು, ಮುಟ್ಟಿದರೆ ಸಾಕು ತಾನೇ ಮುಚ್ಚಿಕೊಳ್ಳುವ ಬಾಗಿಲು. ಒಂದೇ ಕೊರತೆಯೆಂದರೆ, ಪ್ರದರ್ಶನಕ್ಕೆಂದು ಮಾಡಿದವಾದ್ದರಿಂದ ಅವು ಎತ್ತರವಾಗಿದ್ದವು. ಅವುಗಳ ಮೇಲೆ ಗ್ರಾನೈಟ್ ಹಾಸಿದರೆ ಅಡುಗೆ ಕಟ್ಟೆಯೂ ಅಷ್ಟೇ ಎತ್ತರವಾಗುತ್ತಿತ್ತು.

"ಸಾವ್ಕಾರ್ರ, ಕಟ್ಟಿ ಎದಿ ಮಟ್ಟ ಬರ್ತದ. ಮನ್ಯಾಗ ಒಂದ್ಸಲ ಕೇಳ್ರಿ" ಎಂದರು ಮಹಬೂಬ್ ಗೌಂಡಿ.

"ಎತ್ತರ ಇದ್ರ ಸೊಂಟ ಬಾಗಂಗಿಲ್ಲ. ಆರೋಗ್ಯಕ್ಕ ಛಲೋ" ಎಂದೆ ನಾನು, ಸೊಂಟದ ಶಾಸ್ತ್ರವನ್ನೇ ಓದಿದವನಂತೆ.

ನನ್ನ ಹೆಂಡತಿ ಮಹಾದೇವಿ ಒಂದು ಸಲ ಕಟ್ಟಡ ನೋಡಲು ಬಂದಾಗ, "ರೊಟ್ಟಿ ಎಲ್ಲಿ ಬಡೀಬೇಕ್ರಿ?" ಎಂದು ಕೇಳಿದ್ದಳು. "ಇಷ್ಟುದ್ದ ಕಟ್ಟಿ ಅದ, ಮನಸ್ಸಿಗೆ ಬಂದಲ್ಲಿ ಬಡಿ" ಎಂದಿದ್ದೆ. ಅವಳು ಕಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಚಪ್ಪಲಿ ಹಾಕಿಕೊಂಡಳು. ಮಾತನಾಡದ ಗಿರಾಕಿಯೇ ಅಪಾಯಕಾರಿ ಎಂಬುದು ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ. ಮನೆಯಲ್ಲಿ ಅದು ನೆನಪಿಗೆ ಬರಲಿಲ್ಲ.

ಈ ಕಡೆಯವರಲ್ಲದ ಓದುಗರಿಗಾಗಿ ಒಂದು ಮಾತು. ಚಪಾತಿಯನ್ನು ಲಟ್ಟಿಸುತ್ತಾರೆ, ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯುತ್ತಾರೆ. ನೆಲದ ಮೇಲೆ ಒಂದು ಕಾಲು ಮಡಚಿ, ಇನ್ನೊಂದನ್ನು ಚಾಚಿ ಕೂತು, ಮುಂದೆ ಕಲ್ಲನ್ನಿಟ್ಟುಕೊಂಡು, ಭುಜದ ಭಾರವನ್ನೆಲ್ಲ ಅಂಗೈಗೆ ಇಳಿಸಿ ಬಡಿದರೆ ಹಿಟ್ಟಿನ ಮುದ್ದೆ ತಿರುಗುತ್ತ ತಿರುಗುತ್ತ ಚಂದ್ರನಾಗುತ್ತದೆ. ಆ ಬಲ ಮೇಲಿನಿಂದ ಕೆಳಗೆ ಬರಬೇಕು. ಕಲ್ಲು ಎದೆಯ ಮಟ್ಟಕ್ಕೆ ಬಂದರೆ ಮೊಣಕೈ ಕಿವಿಯ ಹತ್ತಿರ ಹೋಗುತ್ತದೆ, ಬಲ ಎಲ್ಲಿಗೂ ಹೋಗುವುದಿಲ್ಲ. ಹಲ್ಲು ಬಂದಾಗಿನಿಂದ ಹೊತ್ತು ಹೊತ್ತಿಗೆ ರೊಟ್ಟಿ ತಿಂದವನು ನಾನು. ಅದು ಎಲ್ಲಿಂದ ಹೇಗೆ ತಟ್ಟೆಗೆ ಬರುತ್ತದೆಂದು ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಕಣ್ಣನ್ನು ಎತ್ತುವುದಲ್ಲ, ಇಳಿಸಬೇಕಾಗಿತ್ತು.

ಮಳೆಗಾಲ ಮುಗಿಯುತ್ತಲೇ ಗೃಹಪ್ರವೇಶವಾಯಿತು. ಮೊದಲ ದಿನದ ರೊಟ್ಟಿ ಹರಿಯಿತು, ಎರಡನೆಯ ದಿನದ್ದು ಒಡೆಯಿತು. ಮಣೆಯ ಮೇಲೆ ನಿಂತು ಬಡಿ ಎಂದು ಸಲಹೆ ಕೊಟ್ಟೆ. ಮಣೆ ವಾಲಿ ಹಿಟ್ಟು ನಾದುವ ಪರಾತ ನೆಲ ಕಂಡಿತು. ನನ್ನ ಅಂಗಡಿಯದೇ ಒತ್ತುವ ಯಂತ್ರವೊಂದನ್ನು ತಂದುಕೊಟ್ಟೆ. ಅದರಿಂದ ನಾನಾ ದೇಶಗಳ ಭೂಪಟಗಳು ಹೊರಬಂದವು. ಆಮೇಲೆ ಇದ್ದಕ್ಕಿದ್ದಂತೆ, ಮೂರನೆಯ ವಾರದಲ್ಲಿ, ತಟ್ಟೆಗೆ ಮೊದಲಿನಂಥ ರೊಟ್ಟಿ ಬಂದವು: ತೆಳ್ಳಗೆ, ದುಂಡಗೆ, ಎರಡು ಪದರು ಬಿಟ್ಟುಕೊಂಡು.

ನನ್ನ ಹಿಗ್ಗನ್ನು ನೀವು ಊಹಿಸಬಲ್ಲಿರಿ. ಬಂದವರಿಗೆಲ್ಲ ಗೋಡೆಯ ನಂತರ ರೊಟ್ಟಿಯನ್ನೂ ತೋರಿಸತೊಡಗಿದೆ. "ಗಾಳಿ ರೀ, ಗಾಳಿ! ಮೂಡಣ ಕಿಟಕಿ ಎಲ್ಲಿಡಬೇಕು ಅನ್ನೋದರಾಗ ಅದ ಎಲ್ಲಾ. ಇಲ್ಲಿ ರೊಟ್ಟಿ ಹ್ಯಾಂಗ ಉಬ್ಬತಾವ ನೋಡ್ರಿ" ಎಂದು ವಿವರಿಸುವಾಗ ಮಹಾದೇವಿ ತಟ್ಟೆ ಹಿಡಿದುಕೊಂಡು ಛಾವಣಿಯ ಕಡೆ ನೋಡುತ್ತಿದ್ದಳು. ಛಾವಣಿಯೂ ಚೆನ್ನಾಗಿ ಬಂದಿದೆಯಾದ್ದರಿಂದ ನನಗೆ ಸಂಶಯ ಬರಲಿಲ್ಲ.

ಒಂದು ಮುಂಜಾನೆ ಕೋಟೆಯ ಹತ್ತಿರದ ನಮ್ಮ ಹಳೆಯ ಓಣಿಗೆ ಹೋದೆ. ಅಲ್ಲಿನ ಬಾಡಿಗೆ ಮನೆಯಲ್ಲಿ ನಿಚ್ಚಣಿಕೆಯೊಂದು ಉಳಿದುಬಿಟ್ಟಿತ್ತು. ಪಕ್ಕದ ಮನೆಯ ನೂರಜಹಾನ್ ಆಪಾ ನಮ್ಮ ಬಹುಕಾಲದ ನೆರೆಯವರು; ಅವರ ಬಾಗಿಲು ತೆರೆದಿತ್ತು. ಸಲಾಮು ಹೇಳೋಣವೆಂದು ಇಣುಕಿದರೆ, ಒಳಗೆ ನೆಲದ ಮೇಲೆ ಒಂದು ಕಾಲು ಚಾಚಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಿದ್ದಾಳೆ, ನನ್ನ ಹೆಂಡತಿ! ಪಕ್ಕದಲ್ಲಿ ನಮ್ಮ ಮನೆಯ ಹಿಟ್ಟಿನ ಡಬ್ಬಿ. ಬೇಯಿಸುತ್ತಿದ್ದವರು ಆಪಾ.

"ಆಯಿಯೇ ಭಾಯಿಸಾಬ್" ಎಂದರು ಆಪಾ, ನಗು ತಡೆಯಲಾರದೆ. "ನಿಮ್ಮ ಹೊಸ ಮನಿ ಗಾಳಿ ಇಲ್ಲೀತನಕ ಬರಾಕತ್ತದ. ರೊಟ್ಟಿ ಹ್ಯಾಂಗ ಉಬ್ಬಾಕತ್ತಾವ ನೋಡ್ರಿ!"

ಮಹಾದೇವಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಹೇಳಿದಳು: "ಈ ಸಲ ಎಳ್ಳಮಾಸಿಗೆ ನಾ ಕಮಲಾಪುರಕ್ಕ ಬರಂಗಿಲ್ರಿ."

ನನಗೆ ನಗು ಬರುವುದರಲ್ಲಿತ್ತು, ಬರಲಿಲ್ಲ. ಎಳ್ಳು ಅಮಾವಾಸ್ಯೆಯೆಂದರೆ ನಮ್ಮಲ್ಲಿ ಇಡೀ ಬಳಗ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವ ಹಬ್ಬ. ಭಜ್ಜಿ, ಕಡಬು, ಹೋಳಿಗೆಗಳನ್ನು ಬೇರೆ ಯಾರಾದರೂ ಮಾಡಲಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾತ್ರ ಮಹಾದೇವಿಯದೇ. ಮದುವೆಯಾದ ವರ್ಷದಿಂದ ಒಂದು ವರ್ಷವೂ ತಪ್ಪದೆ ನೂರು ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ತವರಿನ ಹೊಲದಲ್ಲಿ ಇಳಿದವಳು. ನೂರು ರೊಟ್ಟಿಯನ್ನು ಪರರ ಅಡುಗೆಮನೆಯಲ್ಲಿ ಕೂತು ಮಾಡಲಾಗುವುದಿಲ್ಲ. ಸ್ವಂತ ಮನೆಯಲ್ಲಿ ಕೂಡಲು ಜಾಗವಿಲ್ಲ. ಹೊಸ ಮನೆ ಕಟ್ಟಿಸಿದ ವರ್ಷವೇ ಬರಿಗೈಯಲ್ಲಿ ಹೋಗುವುದಕ್ಕಿಂತ ಹೋಗದಿರುವುದೇ ಮೇಲೆಂದು ಅವಳು ನಿಶ್ಚಯಿಸಿದ್ದಳು.

"ರೊಟ್ಟಿ ಮಾಡಿ ಮಾರೋ ಕೇಂದ್ರದಾಗ ಹೇಳಿದ್ರ..." ಎಂದು ನಾನು ಬಾಯಿ ತೆರೆದೆ.

"ಚುಪ್ ಕೂಡ್ರಿ ಭಾಯಿಸಾಬ್" ಎಂದರು ಆಪಾ. ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ.

ನಿಚ್ಚಣಿಕೆ ಹೊತ್ತುಕೊಂಡು ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಎರಡು ವರ್ಷ ನಿಂತು ಕಟ್ಟಿಸಿದ ಮನೆಗೆ ಪುರೋಹಿತರು ಪ್ರವೇಶ ಮಾಡಿಸಿದರು, ಬಂಧುಬಾಂಧವರು ಪ್ರವೇಶಿಸಿದರು, ಸೊಳ್ಳೆಗಳೂ ಪ್ರವೇಶಿಸಿದವು. ಪ್ರವೇಶವಾಗದೆ ಉಳಿದವಳು ಗೃಹಿಣಿ ಒಬ್ಬಳೇ. ಅವಳು ಹಿಟ್ಟಿನ ಡಬ್ಬಿ ಹಿಡಿದುಕೊಂಡು ಆಟೋದಲ್ಲಿ ಹಳೆಯ ಓಣಿಗೆ ಹೋಗಿ ಬರುತ್ತಿದ್ದಳು.

ಮರುದಿನವೇ ಮಹಬೂಬ್ ಗೌಂಡಿಯವರನ್ನು ಕರೆಸಿದೆ. ಅಳತೆಯ ಟೇಪನ್ನು ನಾನೇ ಸಿದ್ಧವಾಗಿ ಹಿಡಿದುಕೊಂಡಿದ್ದೆ. ಅವರು ಅದರ ಕಡೆ ನೋಡಲೂ ಇಲ್ಲ. ಕಿಸೆಯಿಂದ ಸೀಮೆಸುಣ್ಣದ ತುಂಡು ತೆಗೆದು, "ಬೇಟಿ, ಕೂಡು. ರೊಟ್ಟಿ ಬಡದಂಗ ಕೈ ಆಡಿಸು" ಎಂದರು. ಅವರ ತಂದೆಯ ಕಾಲದಲ್ಲಿ ಒಲೆ ಇಡುವ ಕ್ರಮವೇ ಅದಂತೆ: ಮನೆಯ ಹೆಣ್ಣುಮಗಳು ಮೊದಲು ಕೂಡಬೇಕು, ಆಮೇಲೆ ಗೌಂಡಿ ಅವಳ ಕಾಲು ಚಾಚುವಷ್ಟು, ಕೈ ಎಟಕುವಷ್ಟು ಗೆರೆ ಎಳೆಯಬೇಕು. ಗೆರೆಯ ಒಳಗಿನದೇ ಅಡುಗೆಮನೆ. ಉಳಿದದ್ದು ಸಾವ್ಕಾರನ ಶೋಕಿ.

ಮಹಾದೇವಿ ಮೆಟ್ಟಿಲ ಕೆಳಗೆ ಕೂತಳು, ತಲೆ ತಾಗಿತು. ಹಿಂದಿನ ಪಡಸಾಲೆಯಲ್ಲಿ ಕೂತಳು. ಅಲ್ಲಿಯ ಗಾಳಿಗೆ ಒಲೆ ನಿಲ್ಲುವುದಿಲ್ಲ. ಒಂದು ಭಯಂಕರ ಕ್ಷಣದಲ್ಲಿ ನನ್ನ ಹೊಸ ಸೋಫಾದ ಎದುರೇ ಕೂತು ಸುತ್ತ ನೋಡಿದಳು. ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ, ಮೂಡಣ ಕಿಟಕಿಯ ಕೆಳಗಿನ ಕಪಾಟನ್ನು ಕೈಯಿಂದ ತಟ್ಟಿ, "ನನ್ನ ಜಾಗಾ ಇದರ ಒಳಗದ ನೋಡ್ರಿ" ಎಂದಳು.

ಗೌಂಡಿ ನನ್ನ ಮುಖ ನೋಡಿದರು. ನನ್ನ ತಲೆಯಲ್ಲಿ ಆಗಲೇ ಮೂರು ಚೌಕಾಸಿಗಳು ತಯಾರಾಗಿದ್ದವು: ಕಪಾಟನ್ನು ಕತ್ತರಿಸುವುದು, ಸರಿಸುವುದು, ಹಬ್ಬ ಮುಗಿಯಲಿ ನೋಡೋಣವೆನ್ನುವುದು. ಮೊದಲನೆಯದನ್ನು ಹೇಳಲು ಗಂಟಲು ಸರಿಮಾಡಿಕೊಂಡೆ.

"ನೂರು ರೊಟ್ಟಿರಿ" ಎಂದಳು ಮಹಾದೇವಿ.

ಸುತ್ತಿಗೆ ಕೇಳಿದೆ. "ನೀವ್ಯಾಕ ಸಾವ್ಕಾರ್ರ, ಬೆಳ್ಳಗ ಇಸ್ತ್ರಿ ಅಂಗಿ ಹಾಕ್ಕೊಂಡೀರಿ" ಎಂದರು ಗೌಂಡಿ. ನಾನು ಕೇಳಲಿಲ್ಲ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ನನ್ನ ಮಣಿಕಟ್ಟು ನೊಂದಿತು. ಮೂರನೆಯದಕ್ಕೂ ಕಟ್ಟೆ ಅಲುಗದಿದ್ದಾಗ ಮಹಬೂಬ್ ಗೌಂಡಿ ಗಡ್ಡ ನೀವಿಕೊಂಡು, "ಸಿಮೆಂಟ್ ಕೈಬಿಚ್ಚಿ ಹಾಕು ಅಂತ ನೀವೇ ಹೇಳಿದ್ರಲ್ರಿ" ಎಂದರು. ಮಹಾದೇವಿ ನಕ್ಕಳು. ಆ ಅಡುಗೆಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅದನ್ನು ಕೇಳಿದ ಮೇಲೆ ನಾಲ್ಕನೆಯ ಏಟಿಗೆ ಕಲ್ಲು ಒಡೆಯದಿದ್ದರೆ ನನ್ನ ಮರ್ಯಾದೆ ಏನಾದೀತು? ಒಡೆಯಿತು.

ಈಗ ಅಲ್ಲಿ ಗೇಣು ಎತ್ತರದ ಪರಸಿ ಕಟ್ಟೆ. ಅದರ ಮೇಲೆ ಒಂಟಿ ಒಲೆ, ಎದುರಿಗೆ ರೊಟ್ಟಿಯ ಕಲ್ಲು, ಕಾಲು ಚಾಚಲು ಜಾಗ. ಕಿತ್ತ ಕಪಾಟು ನನ್ನ ಅಂಗಡಿಗೆ ಹೋಗಿ ಸೌಟುಗಳನ್ನು ಹೊತ್ತು ನಿಂತಿದೆ. ಉಳಿದ ಎತ್ತರದ ಕಟ್ಟೆಯನ್ನು ಏನು ಮಾಡಿದೆವೆಂದು ಕೇಳುವಿರಾ? ನಾನು ಆರಡಿಯ ಮನುಷ್ಯ, ಅದು ನನ್ನ ಅಳತೆಗೆ ಸರಿಯಾಗಿದೆ. ಆದ್ದರಿಂದ ಮುಂಜಾನೆಯ ಚಹಾ ಮಾಡುವ ಕೆಲಸ ನನಗೆ ಬಂದಿದೆ. ಮನೆ ಕಟ್ಟಿಸುವವರು ಇದನ್ನೂ ಗಮನದಲ್ಲಿಡಿ: ಕಟ್ಟೆ ಯಾರ ಎತ್ತರಕ್ಕಿರುತ್ತದೋ ಕೆಲಸವೂ ಅವರದೇ ಆಗುತ್ತದೆ.

ಅಮಾವಾಸ್ಯೆಯ ಹಿಂದಿನ ದಿನ ನೂರಜಹಾನ್ ಆಪಾ ಬೆಳಿಗ್ಗೆಯೇ ಬಂದರು. ಸೋಫಾ ತೋರಿಸಿದೆ, ಅವರು ಅದನ್ನು ದಾಟಿ ನೇರವಾಗಿ ಒಲೆಯ ಬಳಿ ಹೋಗಿ ಕೂತರು. ಮಹಾದೇವಿ ಬಡಿದಳು, ಆಪಾ ಬೇಯಿಸಿದರು. ಎಳ್ಳು ಉದುರಿಸುವ ಕೆಲಸವನ್ನು ನನಗೆ ಕೊಟ್ಟು, ಸಲಹೆ ಕೊಡಲಾರಂಭಿಸಿದೆನೆಂದು ಅದನ್ನೂ ಕಿತ್ತುಕೊಂಡರು.

ಮರುದಿನ ಕಮಲಾಪುರದ ಹೊಲದಲ್ಲಿ ಬಿಳಿ ಬಟ್ಟೆಯ ಗಂಟು ಬಿಚ್ಚಿತು. ಮಹಾದೇವಿಯ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದು ರೊಟ್ಟಿ ಮುರಿದು ಭಜ್ಜಿಯಲ್ಲಿ ಅದ್ದಿ, "ಹೊಸ ಮನ್ಯಾಗ ಮಾಡಿದ್ದೇನು? ನಿಮ್ಮವ್ರು ಮನಿ ಭಾರಿ ಕಟ್ಟ್ಯಾರ ಬಿಡು!" ಎಂದರು. ನಾನು ವಿನಯದ ಭಂಗಿಯಲ್ಲಿ ಕೂತು, ಇಟ್ಟಿಗೆಯಿಂದ ಶುರು ಮಾಡುವುದೋ ಕಿಟಕಿಯಿಂದಲೋ ಎಂದು ಯೋಚಿಸುತ್ತಿದ್ದೆ.

"ಕಟ್ಟಿದ್ದು ಹಂಗೂ ಹಿಂಗೂ ಅದ ವೈನಿ" ಎಂದಳು ಮಹಾದೇವಿ. "ಒಡದಾರ ನೋಡು, ಅದು ಛಲೋ ಒಡದಾರ!"

ಹೊಲವೆಲ್ಲ ನಕ್ಕಿತು. ಮತ್ತೊಮ್ಮೆ ಬಡಿಸಿಕೊಳ್ಳುವ ನೆಪದಲ್ಲಿ ನಾನೂ ತಲೆ ತಗ್ಗಿಸಿ ನಕ್ಕೆ.

ತವರಿಗೆ ಬಂದರೆ ಮಹಾದೇವಿಯನ್ನು ಎಬ್ಬಿಸಿಕೊಂಡು ಹೊರಡಿಸುವುದು ಪ್ರತಿವರ್ಷದ ಸಾಹಸ. ಹೊತ್ತು ಮುಳುಗುವವರೆಗೂ ಅವಳ ಮಾತು ಮುಗಿಯುವುದಿಲ್ಲ. ಈ ಸಲ ಬಿಸಿಲು ಇನ್ನೂ ಜೋಳದ ತೆನೆಯ ಮೇಲಿತ್ತು. ನಾನು ಭಾವನಿಗೆ ದನದ ಕೊಟ್ಟಿಗೆಯ ತಗಡನ್ನು ಯಾವ ಕಡೆಗೆ ಇಳಿಜಾರು ಮಾಡಬೇಕೆಂಬುದನ್ನು ವಿಸ್ತಾರವಾಗಿ ತಿಳಿಸಿಕೊಡುತ್ತಿದ್ದೆ. ಅವಳು ಖಾಲಿ ಬಟ್ಟೆ ಕೊಡವಿ ಮಡಚಿಕೊಂಡು ಎದುರಿಗೆ ಬಂದು ನಿಂತಳು.

"ಏಳ್ರಿ, ಮನಿಗಿ ಹೋಗೋಣು. ಒಲಿ ಮುಂದ ಎಲ್ಲಾ ಹಂಗೇ ಬಿಟ್ಟು ಬಂದೀನಿ."

ಸಲಹೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕೊಟ್ಟಿಗೆಯ ತಗಡು ಯಾವ ಕಡೆಗಾದರೂ ಇಳಿಯಲಿ.