ಹೊಳಿ ಕಡಿ ಖೋಲಿಯ ಅವ್ವ

ಒಲೆಯ ಕೆಂಡವನ್ನು ಅವಳು ಬರಿಗೈಯಲ್ಲಿ ಎತ್ತುತ್ತಿದ್ದಳು. ಇಕ್ಕಳ ಬದಿಗೇ ಬಿದ್ದಿರುತ್ತಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. ಎರಡು ಬೆರಳಲ್ಲಿ ಕೆಂಡ ಹಿಡಿದು ಪಕ್ಕದ ಒಲೆಗೆ ಹಾಕಿ, ಅದೇ ಕೈಯಿಂದ ಮತ್ತೆ ರೊಟ್ಟಿ ಬಡಿಯುವಳು. ಜೋಳದ ರೊಟ್ಟಿ ಬಡಿದು ಬಡಿದು, ಭೀಮಾ ಹೊಳೆಯ ಉಸುಕು ತೋಡಿ ತೋಡಿ ಅಂಗೈ ಜಡ್ಡುಗಟ್ಟಿ ಹೋಗಿತ್ತು. ಆ ಅಂಗೈ ನಮ್ಮವನ ತಲೆಯ ಮೇಲೆ ದಿನಾ ಆಡುತ್ತಿತ್ತು. ನನ್ನ ತಲೆಯ ಮೇಲೆ ಒಂದು ದಿನವೂ ಆಡಲಿಲ್ಲ. ಅವಳು ಹೋಗಿ ಎಷ್ಟೋ ವರ್ಷವಾಯಿತು. ಇವತ್ತಿಗೂ ಅವಳ ನೆನಪಾದರೆ ನನಗೆ ಮೊದಲು ಬರುವುದು ಕಣ್ಣೀರಲ್ಲ, ಹೊಟ್ಟೆಕಿಚ್ಚು.

'ನಮ್ಮವ' ಅಂದರೆ ಯಾರು ಎಂದು ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಇನ್ನೇನು ಮುಚ್ಚಿಡುವುದು. ಎಂಬತ್ತರ ದಶಕದಲ್ಲಿ ನಾನು ಒಂದು ಚಹಾಪುಡಿ ಕಂಪನಿಯ ಸೇಲ್ಸ್‌ಮನ್. ಅವನು ಆ ಕಂಪನಿಯ ವ್ಯಾನಿನ ಡ್ರೈವರ್. ಆಳಂದದ ಸಂತೆ ಮುಗಿಸಿ ಅಫಜಲಪುರಕ್ಕೆ, ಅಲ್ಲಿಂದ ಜೇವರ್ಗಿಗೆ, ಮತ್ತೆ ತಿರುಗಿ ಆಳಂದಕ್ಕೆ. ವರ್ಷವೆಲ್ಲ ಇದೇ ಧೂಳು, ಇದೇ ತಗ್ಗು ದಿನ್ನೆ. ನಾವಿಬ್ಬರೂ ಗಂಡಹೆಂಡಿರ ಹಾಗೆ ಬಾಳುತ್ತಿದ್ದೆವು. ಅದಕ್ಕೆ ಆಗ ನಮ್ಮ ಕಡೆ ಹೆಸರೂ ಇರಲಿಲ್ಲ, ನಾವು ಹುಡುಕಲೂ ಇಲ್ಲ. ಇಬ್ಬರು ಗಂಡಸರು ಕೈ ಹಿಡಿದು ಸಂತೆಯಲ್ಲಿ ನಡೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. "ಹೆಂಡ್ರು ಮಕ್ಕಳು ಎಲ್ಲಿರ್ತಾರ್ರಿ?" ಅನ್ನುವ ಮಾತೊಂದಕ್ಕೇ ನಾವು ಹೆದರುತ್ತಿದ್ದುದು.

ಮೇ ತಿಂಗಳಲ್ಲಿ ಕಂಪನಿ ಸ್ವಲ್ಪ ದಿನ ರಜೆ ಕೊಡುತ್ತಿತ್ತು. ತಿರುಗಿ ತಿರುಗಿ ಸೊಂಟ ಬಿದ್ದುಹೋದ ನಮಗೆ ಎಲ್ಲಾದರೂ ಒಂದು ಕಡೆ ಬಿದ್ದುಕೊಂಡಿದ್ದರೆ ಸಾಕು ಅನ್ನಿಸುತ್ತಿತ್ತು. ನೆರಳಿರಬೇಕು, ನೀರಿರಬೇಕು, ಕೇಳುವವರು ಇರಬಾರದು. ಹೇಳುವುದು ಸುಲಭ. ಕಲಬುರ್ಗಿಯ ಲಾಡ್ಜಿನಲ್ಲಿ ಮ್ಯಾನೇಜರ್ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, ಒಂದು ಮಂಚ ಈ ಗೋಡೆಗೆ ಇನ್ನೊಂದು ಆ ಗೋಡೆಗೆ ಇರುವ ಖೋಲಿ ಕೊಟ್ಟ. ನರೋಣಾದ ನಮ್ಮ ಸೋದರತ್ತೆಯ ಮನೆಗೆ ಹೋದರೆ ಮರುದಿನ ಮುಂಜಾನೆಯೇ ಇಬ್ಬರಿಗೂ ಹೆಣ್ಣು ತೋರಿಸಲು ಜನ ಬಂದು ಪಡಸಾಲೆಯಲ್ಲಿ ಕುಂತಿದ್ದರು. ಒಂದು ವರ್ಷ ಹಟ ಮಾಡಿ ಮಹಾರಾಷ್ಟ್ರದ ಗಿರಿಧಾಮಕ್ಕೆ ಹೋದೆವು. ಎತ್ತ ನೋಡಿದರೂ ಹೊಸದಾಗಿ ಮದುವೆಯಾದ ಜೋಡಿಗಳು, ಅವರಿಗೆ ಕುದುರೆ, ಅವರಿಗೆ ಫೋಟೋ, ಅವರಿಗೆ ಐಸ್‌ಕ್ರೀಮು. ಫೋಟೋದವನು ನಮ್ಮ ಹತ್ತಿರ ಬಂದು "ಫ್ಯಾಮಿಲಿ ಕಹಾಂ ಹೈ ಸಾಬ್?" ಅಂದ. ನನಗೆ ಮೈಯೆಲ್ಲ ಉರಿದು ಮರುದಿನವೇ ಅವನನ್ನೂ ಬಸ್ಸು ಹತ್ತಿಸಿಕೊಂಡು ಬಂದೆ.

ಆಗ ನಮ್ಮವ ಮಣ್ಣೂರಿನ ಮಾತು ತೆಗೆದ. ಒಂದು ಸಲ ಆ ಊರಲ್ಲಿ ವ್ಯಾನಿನ ಎಂಜಿನ್ ಕಾದು ನಿಂತಾಗ ಹೊಳೆದಂಡೆಯ ಮನೆಯ ಮುದುಕಿಯೊಬ್ಬಳು ನೀರು ಕೊಟ್ಟು, ಒಂದು ಕಲ್ಲಂಗಡಿ ಒಡೆದು ತಿನ್ನಿಸಿ ಕಳಿಸಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. "ಅವ್ವನ ಮನಿಗಿ ಹೋಗೋಣು" ಅಂದ.

"ನೀರ ಕೊಟ್ಟಾಳಂತ ಮನಿ ಕೊಡ್ತಾಳೇನು?" ಎಂದು ನಾನು ರೇಗಿದೆ.

ಕೊಟ್ಟಳು. ಹಣೆಗೆ ವಿಭೂತಿ ಬಳಿದುಕೊಂಡು ಬಾಗಿಲಲ್ಲಿ ನಿಂತಿದ್ದವಳು ನಮ್ಮ ಚೀಲಗಳನ್ನು ನೋಡಿ, ನಮ್ಮಿಬ್ಬರ ಮುಖ ನೋಡಿ, "ಹೊಳಿ ಕಡಿ ಖೋಲಿ ತಂಪದ. ಜಮಖಾನಿ ಒಂದ ಹಾಸಲೋ, ಎರಡ ಹಾಸಲೋ?" ಎಂದು ಕೇಳಿದಳು. ನಾನು ಎರಡು ಅನ್ನಲು ಹೊರಟಿದ್ದೆ. ನಮ್ಮವ ಮಾತ್ರ ಚಪ್ಪಲಿ ಬಿಡುತ್ತಾ, "ಒಂದ ಸಾಕಬೇ ಅವ್ವಾ" ಅಂದ. "ಇರಲಿ ತಗೋ" ಎಂದು ಒಳಗೆ ಹೋಗಿ ಒಂದೇ ಜಮಖಾನೆ ಹಾಸಿದಳು. ಅವಳು ನಮ್ಮನ್ನು ಕೇಳಿದ್ದು ಅಷ್ಟೇ.

'ಇರಲಿ ತಗೋ' ಅವಳ ಮಾತಿನ ಚಟ. ಹಾಲು ಉಕ್ಕಿದರೂ ಇರಲಿ ತಗೋ, ಬೆಕ್ಕು ಬೆಣ್ಣೆ ತಿಂದರೂ ಇರಲಿ ತಗೋ. ಓಣಿಯ ಹೆಂಗಸೊಬ್ಬಳು ಬಾಗಿಲಿಗೆ ಬಂದು "ಇವರ್ಯಾರಬೇ ಆಯಿ?" ಎಂದಾಗ ಮಾತ್ರ ಹಾಗೆನ್ನಲಿಲ್ಲ. "ನಮ್ಮ ಮನಿ ಮಂದಿ. ಯಾಕ, ನಿಮ್ಮ ಮನ್ಯಾಗ ಕೆಲಸ ಇಲ್ಲೇನಬೇ?" ಅಂದಳು. ಆ ಹೆಂಗಸು ಮತ್ತೆ ಬರಲಿಲ್ಲ.

ಇಷ್ಟು ಒಳ್ಳೆಯವಳ ಮೇಲೆ ಯಾಕೆ ಹೊಟ್ಟೆಕಿಚ್ಚು ಎಂದು ನೀವು ಕೇಳಬಹುದು. ಕೇಳಿರಿ ಮತ್ತೆ. ಬೇಸಿಗೆಯಲ್ಲಿ ಭೀಮಾ ಸೊರಗಿ ಒಂದು ಬದಿಗೆ ಸರಿಯುತ್ತದೆ. ಉಳಿದ ಉಸುಕಿನಲ್ಲಿ ತಗ್ಗು ತೋಡಿ, ಗೊಬ್ಬರ ತುಂಬಿ ಅವಳು ಕಲ್ಲಂಗಡಿ, ಸವತೆ ಬೆಳೆಯುತ್ತಿದ್ದಳು. ಬೆಳಕು ಹರಿಯುವ ಮೊದಲೇ ಹೊರಗಿನಿಂದ ಕರೆಯುವಳು: "ಏಳಲೇ ಮಗಾ, ಬಳ್ಳಿಗಿ ನೀರ ಹಾಕಬೇಕು." ವ್ಯಾನಿನ ಸ್ಟಿಯರಿಂಗ್ ಹಿಂದೆ ಕುಂತರೆ ಮೈಲಿಗೊಂದು ಮಾತಾಡದ ಮನುಷ್ಯ, ಅವಳ ದನಿ ಕೇಳಿದೊಡನೆ ನನ್ನ ತೋಳು ಸರಿಸಿ ಎದ್ದು ಓಡುವನು. ಆಮೇಲೆ ಹೊಳೆಯ ಕಡೆಯಿಂದ ನಗು ಕೇಳಿಸುತ್ತಿತ್ತು. ಇಬ್ಬರದೂ ಕೂಡಿ ನಗು. ನಾನು ಖೋಲಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ವರ್ಷವೆಲ್ಲ ಪಕ್ಕದಲ್ಲಿ ಕುಂತು ತಿರುಗುವವನು ನಾನು. ನನ್ನ ಹತ್ತಿರ ಅವನು ಹಾಗೆ ಯಾವತ್ತು ನಕ್ಕಿದ್ದ?

ನಾನೂ ಒಂದು ದಿನ ಕೊಡ ಹಿಡಿದು ಹೋದೆ. ಅವಳು ಓಡಿ ಬಂದು ಕೊಡ ಕಸಿದುಕೊಂಡಳು. "ನಿಮಗ ಯಾಕ ಬೇಕ್ರಿ ಇದೆಲ್ಲ? ಹೋಗ್ರಿ, ನೆರಳಾಗ ಕುಂದರ್ರಿ." ಅವನಿಗೆ 'ಲೇ ಮಗಾ', ನನಗೆ 'ರಿ'. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಂತರೆ ತವೆಯ ಮೇಲೆ ಉಬ್ಬಿದ ರೊಟ್ಟಿ ನೇರ ಅವನ ಕೈಗೆ ಬೀಳುತ್ತಿತ್ತು. ನನಗೆ ಪಡಸಾಲೆಯಲ್ಲಿ ಮಣೆ, ಹಿತ್ತಾಳೆ ತಾಟು, ಮೇಲೆ ತುಪ್ಪ, ಒಬ್ಬನೇ ಕುಂತು ಉಣ್ಣಬೇಕು. ಒಳಗೆ ಅವರಿಬ್ಬರ ಮಾತು, ಹೊರಗೆ ನಾನು ಮತ್ತು ನೊಣ. ಬಾಡಿಗೆಯ ಬದಲು ಇರಲಿ ಎಂದು ಚಹಾಪುಡಿಯ ಪುಡಿಕೆ ಕೊಟ್ಟರೆ ನನ್ನ ಕೈಯಿಂದ ಮುಟ್ಟಲಿಲ್ಲ. "ನಿಮ್ಮ ಕೈಲೆ ತಗೊಂಡ್ರ ಛಂದ ಕಾಣಂಗಿಲ್ರಿ" ಅಂದಳು. ಅದೇ ಪುಡಿಕೆಯನ್ನು ನಮ್ಮವ ಕೊಟ್ಟಾಗ ಡಬ್ಬಿಗೆ ಸುರಿದುಕೊಂಡಳು! ನಾನು ಹೊರಗಿನವ, ಅವನು ಒಳಗಿನವ. ಇದನ್ನು ಹೇಳಲು ಇನ್ನೆಷ್ಟು ಬೇಕು?

ಹೀಗೆ ಕೆಲವು ಬೇಸಿಗೆ ಹೋದವು. ಬಿಡಲೂ ಆಗದು, ಬೇರೆ ಜಾಗವೇ ಇಲ್ಲ. ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ. ಒಂದು ವರ್ಷ ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಕುಂತಾಗ ನಮ್ಮವ, "ಗಾಡಿ ಬಿಟ್ಟು ಇಲ್ಲೇ ಇದ್ದುಬಿಡಬೇಕು ಅನಸಾಕತ್ತದ" ಅಂದ.

"ಮತ್ತ ನಾ?"

"ನೀನೂ ಇರು."

ಆ 'ನೀನೂ' ಎಂಬ ಮಾತು ನನಗೆ ಸರಿಬರಲಿಲ್ಲ. ಮೊದಲು ಹೊಳೆ, ಅವ್ವ, ಕಲ್ಲಂಗಡಿ, ಕಡೆಗೆ ನಾನೂ. ಇವಳು ಅವನನ್ನು ನನ್ನಿಂದ ಕಿತ್ತುಕೊಳ್ಳುತ್ತಾಳೆ ಎಂಬ ಭಯ ಅವತ್ತು ಹೊಟ್ಟೆಯಲ್ಲಿ ಕುಂತುಬಿಟ್ಟಿತು.

ಅದರ ಮುಂದಿನ ವರ್ಷ ಅಧಿಕ ಮಾಸ ಬೇಸಿಗೆಯಲ್ಲೇ ಬಂತು. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ನಮ್ಮ ಕಡೆ ಬಹಳ ಮನೆಗಳಲ್ಲಿ ಆ ತಿಂಗಳು ಮಗಳು ಅಳಿಯನನ್ನು ಕರೆದು, ಅಳಿಯನ ಕಾಲು ತೊಳೆದು, ಅನಾರಸ ಎಂಬ ಸಿಹಿ ಕರಿದು ಉಣಿಸಿ, ಇಬ್ಬರಿಗೂ ಹೊಸ ಬಟ್ಟೆ ಕೊಡುತ್ತಾರೆ. ನಾವು ಹೋದಾಗ ಅವ್ವ ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲ ಕಲಸಿ ಇಟ್ಟಿದ್ದಳು. ಜೇವರ್ಗಿಯಿಂದ ಅವಳ ತಮ್ಮ ಬಂದಿದ್ದ, ಜೊತೆಗೆ ಮದುವೆ ವಯಸ್ಸಿನ ಮಗಳು. ತೆರೆದ ಟ್ರಂಕಿನಲ್ಲಿ ಹೊಸ ಧೋತರ, ಅಂಗಿ ಬಟ್ಟೆ ಕಾಣುತ್ತಿದ್ದವು. ಅವ್ವ ನಮ್ಮವನನ್ನು ಹತ್ತಿರ ಕರೆದು ದಾರ ಹಿಡಿದು ಹೆಗಲು ಅಳೆದಳು. ಆ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕಿಸಿಕಿಸಿ ನಗುತ್ತಿತ್ತು.

"ಅನಾರಸ ಯಾರಿಗ್ರಿ?" ಎಂದು ಕೇಳಿದೆ.

"ಯಾರಿಗ್ರಿ ಮತ್ತ? ಅಳ್ಯಾಗ" ಅಂದಳು, ಕೆಂಡ ಎತ್ತಿ ಹಾಕುತ್ತಾ.

ಅವಳಿಗೆ ಮಗಳಿಲ್ಲ. ಇರುವುದು ತಮ್ಮನ ಮಗಳು. ಅಳತೆ ತೆಗೆದದ್ದು ನಮ್ಮವನದು. ಎಲ್ಲ ಲೆಕ್ಕ ಸರಿಹೋಯಿತು. ಅಯ್ಯೋ ಶಿವನೇ, ಇಷ್ಟು ವರ್ಷ ರೊಟ್ಟಿ ಕೊಟ್ಟು, ತಲೆ ಸವರಿ, ಮಗಾ ಮಗಾ ಅಂದದ್ದು ಇದಕ್ಕೆ! ಲಾಡ್ಜಿನವನೇ ವಾಸಿ, ಅವನು ಮಂಚ ಮಾತ್ರ ದೂರ ಇಟ್ಟಿದ್ದ. ನಮ್ಮವ ಎಲ್ಲಿ ಎಂದು ನೋಡಿದರೆ ಹೊಳೆಯಲ್ಲಿ ಕಲ್ಲಂಗಡಿ ತೊಳೆಯುತ್ತಿದ್ದ, ಸೀಟಿ ಹೊಡೆಯುತ್ತಾ. ಅವನಿಗೂ ಗೊತ್ತಿರಬೇಕು, ಒಪ್ಪಿರಬೇಕು ಅನ್ನಿಸಿತು. ಚೀಲಕ್ಕೆ ಬಟ್ಟೆ ತುರುಕಿಕೊಂಡು ಯಾರಿಗೂ ಹೇಳದೆ ಬಸ್ ನಿಲ್ಲುವ ಬೇವಿನ ಮರದ ಕಡೆ ನಡೆದೆ. ಕಣ್ಣಿಗೆ ಮಂಜು ಕವಿದು ದಾರಿ ಕಾಣುತ್ತಿರಲಿಲ್ಲ, ಬಿಸಿಲಿಗೋ ಅಳುವಿಗೋ ಗೊತ್ತಿಲ್ಲ.

ಬಸ್ಸು ಬರುವ ಮೊದಲು ಅವಳು ಬಂದಳು. ಉರಿಬಿಸಿಲು, ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಅಕ್ಕಿಹಿಟ್ಟು ಹಾಗೇ ಮೆತ್ತಿಕೊಂಡಿತ್ತು. ಏದುಸಿರು ಬಿಡುತ್ತಾ ನನ್ನ ಮುಂದೆ ನಿಂತಳು.

"ಎಲ್ಲಿಗಿ ಹೊಂಟೀರಿ?"

"ಎಲ್ಲಿಗಿ ಬೇಕಾದಲ್ಲಿ. ನಿಮ್ಮ ಅಳ್ಯಾಗ ನೀವು ಉಣಸ್ರಿ. ನಾ ಯಾಕ ನಡುವ?"

ಅವಳು ನನ್ನ ಮುಖವನ್ನೇ ನೋಡಿದಳು. "ಅಳ್ಯಾನೇ ಸಿಟ್ಟಿಗೆದ್ದು ಬಸ್ ಸ್ಟ್ಯಾಂಡಿಗಿ ಬಂದು ನಿಂತ್ರ ನಾ ಯಾರಿಗ್ರಿ ಉಣಸಲಿ?"

ನನಗೆ ಅರ್ಥವಾಗಲಿಲ್ಲ.

"ಅವ ನನ್ನ ಮಗ. ಮಗನ ಕೈಲೆ ನೀರ ಹೊರಸ್ತೇನಿ, ಬೈತೇನಿ, ಒಲಿ ಮುಂದ ಕುಂದರಿಸ್ತೇನಿ. ನೀವು ಅವನ ಕೈ ಹಿಡದು ನನ್ನ ಬಾಗಲಿಗಿ ಬಂದವ್ರು. ನಿಮ್ಮ ಕೈಲೆ ಕೊಡ ಹೊರಸಲೇನ್ರಿ? ಅಳ್ಯಾನ ಚಹಾಪುಡಿ ತಗೊಂಡು ಡಬ್ಬಿ ತುಂಬಲೇನ್ರಿ? ಊರು ನಗಂಗಿಲ್ಲೇನು?"

ಪಡಸಾಲೆಯ ಮಣೆ, ತಾಟು, ತುಪ್ಪ, ಆ 'ರಿ', ಎಲ್ಲ ಒಮ್ಮೆಲೇ ನೆನಪಾಯಿತು. ನಮ್ಮ ಸೋದರತ್ತೆ ತನ್ನ ಅಳಿಯನನ್ನು ಹೀಗೇ ನೋಡಿಕೊಳ್ಳುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಆ ಜಾಗದಲ್ಲಿ ನನ್ನನ್ನು ಯಾರಾದರೂ ಕುಂದರಿಸಿಯಾರು ಎಂಬುದು ಕನಸಿನಲ್ಲೂ ಬಂದಿರಲಿಲ್ಲ. ಬಸ್ಸು ಬಂತು, ನಿಂತಿತು, ಹೋಯಿತು. ಅವಳು ನನ್ನ ಚೀಲ ಎತ್ತಿಕೊಂಡಳು. ಅಳಿಯ ಚೀಲ ಹೊರಬಾರದಂತೆ.

"ಮತ್ತ ಆ ಹುಡುಗಿ?" ಎಂದು ದಾರಿಯಲ್ಲಿ ಕೇಳಿದೆ. ಅನುಮಾನ ಅಷ್ಟು ಬೇಗ ಹೋಗುವ ರೋಗವಲ್ಲ.

"ಆಕಿ ಲಗ್ನ ಅಫಜಲಪುರದಾಗ ಗೊತ್ತಾಗಿ ಆರು ತಿಂಗಳಾತು. ಕಲ್ಲಂಗಡಿ ತಿನ್ನಲಾಕ ಬಂದಾಳ" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಮಧ್ಯಾಹ್ನ ನಮ್ಮಿಬ್ಬರನ್ನೂ ಅಕ್ಕಪಕ್ಕ ಮಣೆಯ ಮೇಲೆ ಕುಂದರಿಸಿ, ಧೋತರ ನನಗೆ, ಅಳತೆ ತೆಗೆದ ಅಂಗಿ ಬಟ್ಟೆ ಮಗನಿಗೆ ಎಂದು ಕೊಟ್ಟಳು. ಆ ಹುಡುಗಿ ತಂಬಿಗೆ ಹಿಡಿದು, "ಮಾಮಾ, ಕಾಲು ಮುಂದ ಮಾಡ್ರಿ" ಅಂತು. ಅವ್ವ ತನ್ನ ಜಡ್ಡು ಕೈಯಿಂದ ನನ್ನ ಪಾದ ತೊಳೆದಳು. ನಮ್ಮವ ಪಕ್ಕದಲ್ಲಿ ಕುಂತು ಮೂಗು ಒರೆಸಿಕೊಳ್ಳುತ್ತಿದ್ದ. ಅವಳ ತಮ್ಮ ಒಂದು ಸಲ ಕೆಮ್ಮಿದ. "ಏನಕ್ಕಾ ಇದು?" ಅಂದ. "ನನ್ನ ಮನ್ಯಾಗ ನಾ ಯಾರಿಗಿ ಉಣಸ್ಲಿ ಅಂತ ನೀ ಹೇಳ್ತೀಯೇನಲೇ? ಸುಮ್ಮ ಉಣ್ಣು" ಅಂದಳು. ಅವನು ಸುಮ್ಮನೆ ಉಂಡ. ಅನಾರಸ ಬಹಳ ಚೆನ್ನಾಗಿತ್ತು.

ತೊಂಬತ್ತರ ದಶಕದಲ್ಲಿ ಒಂದು ಚಳಿಗಾಲ, ಅಫಜಲಪುರದ ಸಂತೆಯಲ್ಲಿ ನಮಗೆ ಅವ್ವ ಹೋದ ಸುದ್ದಿ ಮುಟ್ಟಿತು. ಎರಡು ದಿನ ಜ್ವರ, ಅಷ್ಟೇ ಅಂತೆ. ನಮ್ಮವ ವ್ಯಾನ್ ಓಡಿಸಿದ ರಭಸಕ್ಕೆ ಹಿಂದೆ ಚಹಾಪುಡಿಯ ಡಬ್ಬಿಗಳೆಲ್ಲ ಉರುಳಿದವು. ಅವಳನ್ನು ಗೋಡೆಗೆ ಒರಗಿಸಿ ಕುಂದರಿಸಿದ್ದರು, ಹಣೆತುಂಬ ವಿಭೂತಿ. ಅವನು ಅವಳ ಕಾಲ ಮೇಲೆ ಬಿದ್ದು ಅತ್ತ ಹಾಗೆ ಮನುಷ್ಯರು ಅಳುವುದನ್ನು ನಾನು ಕಂಡಿಲ್ಲ. ಮಗ ಅಳಬಹುದು. ಅಳಿಯ ಓಡಾಡಬೇಕು. ಹೂವು, ಬಿಲ್ವಪತ್ರೆ ತಂದೆ, ಬಂದವರಿಗೆ ನೀರು ಕೊಟ್ಟೆ, ಚಹಾ ಕಾಸಿದೆ. ಹೊಲದಲ್ಲಿ ಸಮಾಧಿಯ ತಗ್ಗಿನ ಬಳಿ ನಾನು ಹಿಂದೆ ಸರಿದು ನಿಂತಿದ್ದೆ. ಅವಳ ತಮ್ಮ ಮಂದಿಯ ನಡುವೆ ಕತ್ತೆತ್ತಿ ಹುಡುಕಿ, "ಅಳಿಯಂದ್ರ ಎಲ್ಲ್ರಿ? ಮುಂದ ಬರ್ರಿ, ಮಣ್ಣ ಹಾಕ್ರಿ" ಎಂದು ಕೂಗಿದ. ಊರೆಲ್ಲ ಸರಿದು ನನಗೆ ದಾರಿ ಬಿಟ್ಟಿತು.

ಮುಂದಿನ ಅಧಿಕ ಮಾಸಕ್ಕೆ ನಾವು ಆಳಂದದ ನಮ್ಮ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವ ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲ ಕಲಸಿ ಅನಾರಸ ಮಾಡಲು ಹೊರಟ. ಎಣ್ಣೆಗೆ ಬಿಟ್ಟದ್ದೆಲ್ಲ ಒಡೆದು ಹರಡಿತು. ಆ ಚೂರುಗಳನ್ನೇ ತಾಟಿಗೆ ಹಾಕಿ, ಮಣೆ ಇಟ್ಟು, ತಂಬಿಗೆ ತಂದು ನನ್ನ ಕಾಲಿಗೆ ನೀರು ಹಾಕಿದ. ಹಾಕುತ್ತಾ ಹಾಕುತ್ತಾ ಅವನ ಕಣ್ಣು ತುಂಬಿತು. "ಅವ್ವ ಇದ್ದಿದ್ರ ಇದನ್ನ ನೋಡಿ ನಗ್ತಿದ್ಲು" ಅಂದ.

ನನ್ನ ಕಾಲು ತೊಳೆಯುವಾಗಲೂ ಅವನಿಗೆ ಅವಳೇ ನೆನಪಾಗಬೇಕೆ? ಹೊಟ್ಟೆಯಲ್ಲಿ ಆ ಹಳೆಯ ಉರಿ ಹತ್ತಿತು. ತಾಟಿನಲ್ಲಿದ್ದುದನ್ನು ಒಂದು ಚೂರೂ ಬಿಡದೆ ತಿಂದೆ. ಅವಳ ಕೈಯ ರುಚಿ ಬರಲಿಲ್ಲ.