ನೂರಕ್ಕೆ ಹನ್ನೆರಡು

ಬೆನ್ನ ಹಿಂದೆ ಮಕ್ಕಳೆಲ್ಲ ಅವರನ್ನು ಪರ್ಸೆಂಟ್ ಮಿಸ್ ಎಂದೇ ಕರೆಯುತ್ತಿದ್ದರು. ಎದುರು ಬಂದರೆ ಬರೀ ಮಿಸ್. ಆ ಅಡ್ಡಹೆಸರು ಅವರಿಗೂ ಗೊತ್ತಿತ್ತು. ಕಿವಿಗೆ ಬಿದ್ದರೆ ಕೇಳಿಸದವರ ಹಾಗೆ ನಡೆದುಹೋಗುತ್ತಿದ್ದರು, ಒಳಗೊಳಗೇ ಒಂದಿಷ್ಟು ಖುಷಿಯನ್ನೂ ಪಡುತ್ತಿದ್ದರು.

ಯಾವ ಕಾಲೇಜಿಗೆ ಅರ್ಜಿ ಹಾಕಬೇಕೆಂದು ಮಕ್ಕಳಿಗೆ ಸಲಹೆ ಕೊಡುವುದು ಅವರ ಕೆಲಸ, ಶಾಲೆಯ ಮೆಟ್ಟಿಲ ಕೆಳಗಿನ ಕೋಣೆ ಅವರ ಆಫೀಸು. ಮೊದಲು ಅಲ್ಲಿ ಆಟದ ಸಾಮಾನು ಇಡುತ್ತಿದ್ದರು. ಹನ್ನೆರಡು ವರ್ಷವಾದರೂ ಚೆಂಡಿನ ರಬ್ಬರಿನ ವಾಸನೆ ಪೂರ್ತಿ ಹೋಗಿರಲಿಲ್ಲ. ಗಂಟೆ ಹೊಡೆದು ಮಕ್ಕಳು ಧಡಧಡ ಇಳಿಯುವಾಗ ಮಾತು ನಿಲ್ಲಿಸಿ ಕಾಯಬೇಕಿತ್ತು. ಒಂದು ಮೇಜು, ಮೂರು ಕುರ್ಚಿ, ಒಂದು ಕಬ್ಬಿಣದ ಬೀರು. ಬೀರುವಿನಲ್ಲಿ ನೀಲಿ ರಟ್ಟಿನ ದಪ್ಪ ರಿಜಿಸ್ಟರು. ಶಾಲೆಯಲ್ಲಿ ಕೊನೆಯ ವರ್ಷ ಓದಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಸಾಲು: ಮೂರು ವರ್ಷದ ಅಂಕ, ಯಾವ ಕಾಲೇಜಿಗೆ ಅರ್ಜಿ ಹಾಕಿದರು, ಸೀಟು ಸಿಕ್ಕಿತೋ ಇಲ್ಲವೋ. ಹೊಸದಾಗಿ ಯಾರಾದರೂ ಬಂದು ಇಂಥ ಕಾಲೇಜು ಬೇಕು ಎಂದರೆ, ಮಿಸ್ ಹಳೆಯ ಸಾಲುಗಳಲ್ಲಿ ಅಂಥವರನ್ನೇ ಹುಡುಕುತ್ತಿದ್ದರು. ಹತ್ತು ಜನರಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ ಎಂದು ಎಣಿಸಿ, ಸಾಲಿನ ಕೊನೆಗೆ ಪೆನ್ಸಿಲ್ಲಿನಲ್ಲಿ ಒಂದು ಅಂಕಿ ಬರೆದು, ಆಮೇಲೆ ತಲೆಯೆತ್ತಿ ಹೇಳುತ್ತಿದ್ದರು. ನೂರಕ್ಕೆ ಅರವತ್ತು. ನೂರಕ್ಕೆ ಎಂಟು.

ಬೆಣ್ಣೆ ಹಚ್ಚಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಒಮ್ಮೆ ಪಾತ್ರೆ ಅಂಗಡಿಯವರೊಬ್ಬರು, ನನ್ನ ಮಗನ ಹಣೆಬರಹ ಬರೆಯಲು ನೀವ್ಯಾರು ಎಂದು ಮೇಜು ಕುಟ್ಟಿ ಹೋಗಿದ್ದರು. ಎರಡು ವರ್ಷದ ನಂತರ ಅವರೇ ಎರಡನೆಯ ಮಗನನ್ನು ಕರೆತಂದು, ಇವನದ್ದೂ ಒಂದು ಸಲ ಬರೆದುಬಿಡಿ ಎಂದು ಕುರ್ಚಿ ಎಳೆದುಕೊಂಡು ಕೂತರು. ನಂಬಿಕೆ ಅಷ್ಟರಮಟ್ಟಿಗೆ ಬೆಳೆದಿತ್ತು. ಮಿಸ್ಸಿಗೆ ತಮ್ಮ ಮೇಲೆ ಇನ್ನೂ ಜಾಸ್ತಿ ನಂಬಿಕೆಯಿತ್ತು.

ಮಿಸ್ಸಿಗೆ ಒಬ್ಬಳೇ ಮಗಳು. ಮಗಳು ನಾಲ್ಕು ವರ್ಷದವಳಿದ್ದಾಗ ಗಂಡ ತೀರಿಕೊಂಡ. ಅದರ ಬೆನ್ನಲ್ಲೇ ಮಿಸ್ ಹಾಸಿಗೆ ಹಿಡಿದರು. ಆಗ ತಂಗಿ ಬಂದು ಮಗುವನ್ನು ಎತ್ತಿಕೊಂಡು ಹೋದಳು. ಒಂದೆರಡು ತಿಂಗಳಲ್ಲ, ಎರಡು ವರ್ಷ ಸಾಕಿದಳು. ತಂಗಿಗೂ ಅದೇ ವಯಸ್ಸಿನ ಮಗಳು, ನಾಲ್ಕು ತಿಂಗಳು ಚಿಕ್ಕವಳು. ಸದಾ ಏನಾದರೊಂದು ಹೆಕ್ಕುತ್ತ, ಗೀಚುತ್ತ ಇರುತ್ತಿದ್ದ ಆ ಮಗುವನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಮಂಚದಲ್ಲಿ ಮಲಗಿ ಬೆಳೆದರು. ಒಂದೇ ಶಾಲೆ, ಒಂದೇ ತರಗತಿ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಇಬ್ಬರ ಆಸೆಯೂ ಒಂದೇ ಆಯಿತು: ಕಟ್ಟಡ ವಿನ್ಯಾಸದ ದೊಡ್ಡ ಕಾಲೇಜು. ಚಿತ್ರ ಬರೆಸುವ ಪ್ರವೇಶ ಪರೀಕ್ಷೆ, ನಲವತ್ತೇ ಸೀಟು. ಅರ್ಜಿ ಹಾಕುವವರು ಸಾವಿರಗಟ್ಟಲೆ.

ಮಗಳ ಸಾಲನ್ನು ಮಿಸ್ ಮೊದಲೇ ನೋಡಿ ಮುಗಿಸಿದ್ದರು. ಪ್ರಾಮಾಣಿಕವಾಗಿ ಎಣಿಸಿ ಪ್ರಾಮಾಣಿಕವಾಗಿಯೇ ಬರೆದಿದ್ದರು: ಇಪ್ಪತ್ತು. ಮಗಳು ಮುಖ ಸಣ್ಣದು ಮಾಡಿಕೊಂಡರೂ ಹಟ ಬಿಡಲಿಲ್ಲ. ಇಪ್ಪತ್ತಾದರೆ ಇಪ್ಪತ್ತು, ನಾನು ಬರೆಯುತ್ತೇನೆ ಎಂದಳು.

ವಾರದ ನಂತರ ಊಟದ ಬಿಡುವಿನಲ್ಲಿ ಗುಬ್ಬಿ ಬಂದಳು. ಕಂಕುಳಲ್ಲಿ ಚಿತ್ರಗಳ ಕಡತ. ಮಿಸ್ ಒಂದೊಂದೇ ಹಾಳೆ ತಿರುವಿದರು. ನೀರಿನ ಟ್ಯಾಂಕಿಗೆ ಹತ್ತುವ ಕಬ್ಬಿಣದ ಏಣಿ, ಚಪ್ಪಲಿ ಹೊಲಿಯುವವರ ಗೂಡಂಗಡಿಯ ಒಳಗು, ಇದೇ ಮೆಟ್ಟಿಲು ಕೆಳಗಿನಿಂದ ಕಂಡ ಹಾಗೆ. ಆ ಕೋಣೆಯಲ್ಲಿ ಅಷ್ಟು ವರ್ಷ ಕೂತಿದ್ದರೂ ಮೆಟ್ಟಿಲ ಅಡಿ ಹಾಗಿದೆ ಎಂದು ಮಿಸ್ ನೋಡಿರಲಿಲ್ಲ. ರಿಜಿಸ್ಟರಿನಲ್ಲಿ ಗುಬ್ಬಿಯಂಥವರು ಒಂಬತ್ತು ಜನ ಸಿಕ್ಕರು, ಅವರಲ್ಲಿ ನಾಲ್ವರಿಗೆ ಸೀಟು ಸಿಕ್ಕಿತ್ತು. ಮಿಸ್ ಪೆನ್ಸಿಲ್ಲು ತೆಗೆದು ನಲವತ್ತೈದು ಎಂದು ಬರೆದರು.

ಬರೆದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹನ್ನೆರಡು ವರ್ಷದಲ್ಲಿ ಆ ಕಾಲೇಜು ತಮ್ಮ ಶಾಲೆಯಿಂದ ಒಂದೇ ವರ್ಷ ಇಬ್ಬರನ್ನು ತೆಗೆದುಕೊಂಡದ್ದೇ ಇಲ್ಲ.

"ದೊಡ್ಡಮ್ಮ... ಅಲ್ಲ, ಮಿಸ್," ಎಂದು ಗುಬ್ಬಿ ನಕ್ಕಳು. "ಆ ಲೆಕ್ಕಶಾಸ್ತ್ರದ ಕಾಲೇಜಿನ ಪರೀಕ್ಷೆನೂ ಇದರ ಪರೀಕ್ಷೆ ದಿನಾನೇ ಇದೆ. ಎರಡರಲ್ಲಿ ಒಂದೇ ಬರೆಯೋಕಾಗೋದು. ಅದಾದ್ರೆ ನಂಗೆ ಸೀಟು ಗ್ಯಾರಂಟಿ. ಅದಕ್ಕೇ ಸುತ್ತಿಬಳಸಿ ಹೇಳ್ಬೇಡಿ. ಇದಕ್ಕೆ ಎಷ್ಟು?"

ಮಿಸ್ಸಿನ ಅಂಗೈ ತಾನಾಗಿಯೇ ಜರುಗಿ ಅಂಕಿಯ ಮೇಲೆ ಕೂತಿತು.

"ನೂರಕ್ಕೆ ಹನ್ನೆರಡು," ಎಂದರು.

ಹನ್ನೆರಡೇ ಯಾಕೆ ಎಂದು ಆಮೇಲೆ ಎಷ್ಟೋ ಸಲ ಅವರು ತಮ್ಮನ್ನೇ ಕೇಳಿಕೊಂಡದ್ದುಂಟು. ಹತ್ತು ಎಂದಿದ್ದರೆ ಬಾಯಿಗೆ ಬಂದದ್ದು ಹೇಳಿದ ಹಾಗಿರುತ್ತಿತ್ತು. ಹದಿನೈದು ಎಂದಿದ್ದರೆ ಒಂದು ಕೈ ನೋಡೇಬಿಡೋಣ ಎನ್ನಿಸುತ್ತಿತ್ತು. ಹನ್ನೆರಡಕ್ಕೆ ಲೆಕ್ಕ ಹಾಕಿ ಬಂದ ಅಂಕಿಯ ಮುಖವಿತ್ತು. ಅಷ್ಟೆಲ್ಲ ಯೋಚಿಸಲು ಅವರಿಗೆ ಹಿಡಿದದ್ದು ಒಂದು ಉಸಿರಿನಷ್ಟು ಹೊತ್ತು. ತಮ್ಮೊಳಗೆ ಅಂಥ ಚುರುಕು ಇದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಗುಬ್ಬಿ ಒಂದು ಗಳಿಗೆ ಏನೋ ಕೇಳುವವಳ ಹಾಗೆ ಬಾಯಿ ತೆರೆದಳು. ಆಮೇಲೆ ತಲೆಯಾಡಿಸಿ, ಚಿತ್ರಗಳನ್ನು ಅಂಚಿಗೆ ಅಂಚು ಕೂಡಿಸಿ ಕಡತದೊಳಗೆ ಇಟ್ಟಳು. ಥ್ಯಾಂಕ್ಸ್ ಹೇಳಿ ಹೋದಳು. ಅವಳ ಹೆಜ್ಜೆಯ ಸದ್ದು ಅಡಗಿದ ಮೇಲೆ ಮಿಸ್ ನಲವತ್ತೈದನ್ನು ಅಳಿಸಿ ಹನ್ನೆರಡು ಎಂದು ಬರೆದರು. ರಿಜಿಸ್ಟರಿನಲ್ಲಿ ಅವರು ಅಂಕಿ ತಿದ್ದಿದ್ದು ಅದೇ ಮೊದಲು.

ಗುಬ್ಬಿ ಲೆಕ್ಕಶಾಸ್ತ್ರದ ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ಮಗಳು ಚಿತ್ರದ ಪರೀಕ್ಷೆ ಬರೆದಳು, ನಲವತ್ತರ ಪಟ್ಟಿಯಲ್ಲಿ ಮೂವತ್ತೆಂಟನೆಯವಳಾಗಿ ಅವಳ ಹೆಸರು ಬಂತು. ಮಗಳು ಕುಣಿದಾಡಿದಳು. ಮಿಸ್ಸೂ ನಕ್ಕರು. ಯಾರಿಗೂ ಏನೂ ನಷ್ಟವಾಗಿಲ್ಲವಲ್ಲ, ಇಬ್ಬರಿಗೂ ಒಳ್ಳೆಯದೇ ಆಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಆ ಸಮಾಧಾನ ಒಂದೇ ದಿನ ನಿಂತದ್ದು. ಮರುದಿನ ಪಟ್ಟಿಯನ್ನು ರಿಜಿಸ್ಟರಿಗೆ ಇಳಿಸಲು ಕೂತಾಗ ನೋಡಿದರು: ಊರಿನ ಇನ್ನೊಂದು ತುದಿಯ ಶಾಲೆಯಿಂದ ಮೂವರು ಆಯ್ಕೆಯಾಗಿದ್ದರು. ಬೆರಳಿಟ್ಟು ಹಳೆಯ ಪುಟಗಳನ್ನೆಲ್ಲ ಹುಡುಕಿದರು. ಹನ್ನೆರಡು ವರ್ಷದಲ್ಲಿ ತಮ್ಮ ಶಾಲೆಯಿಂದ ಒಂದೇ ವರ್ಷ ಇಬ್ಬರು ಅರ್ಜಿ ಹಾಕಿದ್ದೇ ಎರಡು ಸಲ. ಉಳಿದ ವರ್ಷಗಳಲ್ಲೆಲ್ಲ ಒಬ್ಬೊಬ್ಬರೇ. ಇಬ್ಬರನ್ನು ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ಎಲ್ಲೂ ಇರಲಿಲ್ಲ. ಬೇರೆ ಯಾವ ಮಗುವಿನ ವಿಷಯವಾಗಿದ್ದರೂ ಮಿಸ್ ಅದನ್ನು ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದರು. ಅವತ್ತು ಹುಡುಕಲಿಲ್ಲ. ಯಾಕೆಂದರೆ ಅವತ್ತು ಅವರಿಗೆ ಆ ನಿಯಮ ಬೇಕಾಗಿತ್ತು.

ಆ ಭಾನುವಾರ ತಂಗಿ ಮಿಸ್ಸನ್ನೂ ಮಗಳನ್ನೂ ಊಟಕ್ಕೆ ಕರೆದಳು. ಬಡಿಸುತ್ತ ಬಡಿಸುತ್ತ, ಅಕ್ಕ ಇಲ್ಲದಿದ್ದರೆ ನಮ್ಮ ಗುಬ್ಬಿ ಎರಡೂ ಕಳೆದುಕೊಂಡು ಮನೆಯಲ್ಲಿ ಕೂರುತ್ತಿದ್ದಳು ಎಂದು ಮೂರು ಸಲ ಹೇಳಿದಳು. ಮಿಸ್ ತಲೆಯೆತ್ತದೆ ಅನ್ನ ಕಲಸಿದರು. ನೀರು ಕುಡಿದರು. ಊಟವಾದ ಮೇಲೆ ಗುಬ್ಬಿ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದು ಮಗಳ ಕೈಯಲ್ಲಿಟ್ಟಳು. ಅದರಲ್ಲಿ ಅವಳ ಚಿತ್ರದ ಪೆನ್ನುಗಳಿದ್ದವು, ದಪ್ಪದಿಂದ ಸಣ್ಣದರವರೆಗೆ ಸಾಲಾಗಿ.

"ನಂಗಿನ್ನು ಇವು ಬೇಕಾಗಲ್ಲ ಅಕ್ಕ. ನೀನಿಟ್ಕೋ. ಸಣ್ಣ ಮೊನೆದು ಸ್ವಲ್ಪ ಒರಟು, ಒತ್ತಿ ಎಳೀಬೇಡ."

ಮಿಸ್ ಎದ್ದು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ನಲ್ಲಿ ಬಿಟ್ಟು ನಿಂತೇ ಇದ್ದರು. ತಂಗಿ ಒಳಗಿನಿಂದ ಕೂಗಿದಾಗಲೂ ತಿರುಗಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ತಾನು ಹಾಸಿಗೆ ಹಿಡಿದಿದ್ದಾಗ ತನ್ನ ಮಗಳ ತಲೆ ಬಾಚಿ ಜಡೆ ಹಾಕಿದವಳು ಇವಳು.

ಹೇಳಬೇಕು ಎಂದುಕೊಂಡು ಹೇಳದೆ ಐದು ತಿಂಗಳು ಹೋಯಿತು. ಮಗಳು ಸಂಜೆ ಮೇಜಿನ ಮೇಲೆ ಬಾಗಿ ಆ ಪೆನ್ನುಗಳಿಂದ ಗೆರೆ ಎಳೆಯುತ್ತಿದ್ದರೆ ಮಿಸ್ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕುತ್ತಿದ್ದರು. ಶಾಲೆಯಲ್ಲಿ ಯಾರಾದರೂ ನನಗೆಷ್ಟು ಮಿಸ್ ಎಂದು ಕೇಳಿದರೆ ಹೇಳುವ ಮೊದಲು ರಿಜಿಸ್ಟರನ್ನು ಮತ್ತೆ ತೆರೆಯುತ್ತಿದ್ದರು. ಒಂದೇ ಸಾಲನ್ನು ನಾಲ್ಕು ಸಲ ಎಣಿಸುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ರಜೆ ಹಾಕಿ ಗುಬ್ಬಿಯ ಕಾಲೇಜಿಗೆ ಹೋದರು. ಕ್ಯಾಂಟೀನಿನ ಮೂಲೆಯಲ್ಲಿ, ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದಿನ ನಡುವೆ, ಸುತ್ತಿಬಳಸದೆ ಹೇಳಿಬಿಟ್ಟರು. ನಿನ್ನದು ಹನ್ನೆರಡಲ್ಲ, ನಲವತ್ತೈದಿತ್ತು. ಬೇಕೆಂದೇ ಸುಳ್ಳು ಹೇಳಿದೆ. ಯಾಕೆ ಎನ್ನುವುದನ್ನೂ ಹೇಳಿದರು.

ಗುಬ್ಬಿ ಟೀ ಲೋಟವನ್ನು ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿದಳು. ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಎರಡರಲ್ಲಿ ಒಂದನ್ನು ಮಾಡಿದ್ದರೆ ಮಿಸ್ ತಡೆದುಕೊಳ್ಳುತ್ತಿದ್ದರು.

"ನಾನೂ ಲೆಕ್ಕ ಹಾಕಿದ್ದೆ ದೊಡ್ಡಮ್ಮ," ಎಂದಳು. "ಶಾಲೆ ನೋಟಿಸ್ ಬೋರ್ಡಲ್ಲಿ ಯಾರ್ಯಾರು ಬರೆದ್ರು, ಯಾರಿಗೆ ಸಿಕ್ತು ಅಂತ ಹಳೇ ಪಟ್ಟಿ ಎಲ್ಲ ಇತ್ತಲ್ಲ. ನಂಗೆ ನಲವತ್ತರ ಹತ್ರ ಬಂದಿತ್ತು. ನೀನು ಹನ್ನೆರಡು ಅಂದಾಗ ನನ್ ಲೆಕ್ಕಾನೇ ತಪ್ಪಿರ್ಬೇಕು ಅಂದ್ಕೊಂಡೆ. ಆಮೇಲೆ ಚಿತ್ರಾನೂ ಅಷ್ಟೇನು ಚೆನ್ನಾಗಿಲ್ಲ ಅನ್ನಿಸ್ತು. ಗೀಚೋದು ಬಿಟ್ಬಿಟ್ಟೆ."

ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಮಿಸ್ಸಿಗೆ. ಕದ್ದದ್ದು ಒಂದು ಸೀಟಿನ ಆಸೆಯನ್ನು ಎಂದು ಅವರು ಅಷ್ಟು ದಿನ ತಿಳಿದಿದ್ದರು. ಹುಡುಗಿಗೆ ತನ್ನ ಕಣ್ಣಿನ ಮೇಲೆ, ತನ್ನ ಕೈಯ ಮೇಲೆ ಇದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಕ್ಷಮಿಸು ಎಂಬ ಮಾತು ಇದರ ಮುಂದೆ ತೀರಾ ಸಣ್ಣದಾಗಿ ಕಂಡಿತು.

"ಅಮ್ಮಂಗೆ ಹೇಳ್ಬೇಡ," ಎಂದಳು ಗುಬ್ಬಿ. "ಅಕ್ಕಂಗೂ ಬೇಡ. ಅವಳು ಕಾಲೇಜು ಬಿಟ್ಟು ಬಂದ್ಬಿಡ್ತಾಳೆ. ನಿಂಗೊತ್ತಲ್ಲ ಅವಳ ಹಟ."

"ನಿಮ್ಮಮ್ಮ ನನ್ನ ಹೊಗಳ್ತಾನೇ ಇರ್ತಾಳೆ. ನಾನು ಹೆಂಗೆ ಕೂತ್ಕೊಂಡು ಕೇಳ್ಲಿ?"

"ಕೇಳು," ಎಂದಳು ಗುಬ್ಬಿ. ಪಾಠಕ್ಕೆ ಹೊತ್ತಾಯಿತೆಂದು ಎದ್ದು ಹೋದಳು.

ಮಿಸ್ ಮರುದಿನ ಮುಖ್ಯೋಪಾಧ್ಯಾಯರ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದರು, ಕೆಲಸದಿಂದ ತೆಗೆದರೂ ಸರಿ ಎಂದರು. ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, ತೆಗೆದರೆ ಕಾರಣವನ್ನು ಬರೆಯಬೇಕಾಗುತ್ತದೆ, ಬರೆದರೆ ಆ ಇಬ್ಬರು ಹುಡುಗಿಯರ ಹೆಸರೂ ಅದರಲ್ಲಿ ಬರುತ್ತದೆ ಎಂದರು. ಇನ್ನು ಮುಂದೆ ಶಾಲೆಯಲ್ಲಿ ಓದುವ ನೆಂಟರಿಷ್ಟರ ಮಕ್ಕಳನ್ನು ಬೇರೆ ಮೇಷ್ಟ್ರು ನೋಡಲಿ ಎಂದು ಹೇಳಿ ಕಳಿಸಿದರು. ಶಿಕ್ಷೆಯಾಗಬಹುದೆಂಬ ಆಸೆಯಿಂದ ಹೋಗಿದ್ದವರು ಬರಿಗೈಯಲ್ಲಿ ಬಂದರು. ಅಂದಿನಿಂದ ಮಿಸ್ ಬಾಯಲ್ಲಿ ಅಂಕಿ ಹೇಳುವುದನ್ನು ಬಿಟ್ಟರು. ರಿಜಿಸ್ಟರನ್ನು ಮಗುವಿನ ಕಡೆಗೆ ತಿರುಗಿಸಿ, ಹೆಸರಿನ ಕಾಲಮಿನ ಮೇಲೆ ಅಡ್ಡಲಾಗಿ ಒಂದು ರಟ್ಟು ಇಟ್ಟು, ನೀನೇ ಎಣಿಸು ಎನ್ನುತ್ತಾರೆ. ಕೆಲವು ಮಕ್ಕಳಿಗೆ ಅದು ಇಷ್ಟ. ಕೆಲವರು, ನೀವೇ ಹೇಳಿಬಿಡಿ ಮಿಸ್ ಎಂದು ಗೋಗರೆಯುತ್ತಾರೆ.

ಮುಂದಿನ ವರ್ಷ ಗುಬ್ಬಿ ಮನೆಯಲ್ಲೂ ಹೇಳದೆ ವಿನ್ಯಾಸದ ಕಾಲೇಜಿಗೆ ಅರ್ಜಿ ಹಾಕಿದ್ದಳಂತೆ. ಸಂದರ್ಶನದವರೆಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬಂದಳು. ಒಂದು ವರ್ಷ ಪೆನ್ನು ಹಿಡಿಯದ ಕೈ ಎಂದು ಸಂದರ್ಶನ ಮಾಡಿದವರಿಗೆ ಕಂಡಿರಬೇಕು. ಆಮೇಲೆ ಗೊತ್ತಾಗಿ ಇದನ್ನು ತಂಗಿಯೇ ಹೇಳಿದಳು, ಹೇಳಿ, ನಿನ್ನ ಮಾತು ಕೇಳದೆ ಹೋದರೆ ಇನ್ನೇನಾಗುತ್ತೆ ಅಕ್ಕ ಎಂದು ನಿಟ್ಟುಸಿರಿಟ್ಟಳು. ಮಿಸ್ ಕೂತು ಕೇಳಿದರು.

ಗುಬ್ಬಿ ಈಗ ಲೆಕ್ಕಶಾಸ್ತ್ರದ ಮೂರನೆಯ ವರ್ಷದಲ್ಲಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ದೊಡ್ಡಮ್ಮನ ಮನೆಗೆ ಮೊದಲಿನ ಹಾಗೆಯೇ ಬರುತ್ತಾಳೆ, ಅಡುಗೆಮನೆಗೆ ನುಗ್ಗಿ ಡಬ್ಬಿ ತೆರೆಯುತ್ತಾಳೆ, ಅಕ್ಕನ ಜೊತೆ ಮಂಚದ ಮೇಲೆ ಉರುಳಾಡಿ ನಗುತ್ತಾಳೆ. ಆದರೆ ದೊಡ್ಡಮ್ಮನನ್ನು ಯಾವುದಕ್ಕೂ ಸಲಹೆ ಕೇಳುವುದಿಲ್ಲ. ಓದಿನ ವಿಷಯ ಹಾಗಿರಲಿ, ಈ ಬಟ್ಟೆ ಒಪ್ಪುತ್ತದೋ ಇಲ್ಲವೋ ಎಂದು ಕೂಡ ಕೇಳುವುದಿಲ್ಲ. ಕನ್ನಡಿಯ ಮುಂದೆ ನಿಂತು ತಾನೇ ನೋಡಿಕೊಂಡು ಹೊರಟುಬಿಡುತ್ತಾಳೆ.